ವಾಯುಪಡೆಯ ತಂತ್ರಜ್ಞರಿಗೆ ನಿವೃತ್ತಿಯ ನಂತರದ ದಾರಿ

ಪ್ರಶ್ನೆ: ಬೆಳಗಾವಿ ಬಳಿಯ ಸಾಂಬ್ರಾದಲ್ಲಿ ತರಬೇತಿ ಪಡೆದು, ವಾಯುಪಡೆಯಲ್ಲಿ ವಿಮಾನದ ಎಂಜಿನ್ ನಿರ್ವಹಣೆ ಮಾಡುತ್ತಿರುವ ನಾನು 20 ವರ್ಷಗಳ ಸೇವೆ ಮುಗಿಸಿ ಮುಂದಿನ ವರ್ಷ ನಿವೃತ್ತನಾಗುತ್ತಿದ್ದೇನೆ. ತಂದೆ ತಾಯಿ ಗೋಕಾಕದಲ್ಲಿರುವುದರಿಂದ ದೂರ ಹೋಗುವ ಮನಸ್ಸಿಲ್ಲ. ನನ್ನ ಅನುಭವಕ್ಕೆ ನಾಗರಿಕ ವಿಮಾನಯಾನದಲ್ಲಿ ನೇರ ಮಾನ್ಯತೆ ಸಿಗುವುದೇ?

ಉತ್ತರ 1: ನೇರವಾಗಿ ಸಿಗುವುದಿಲ್ಲ ಸರ್. ದುರಸ್ತಿಯಾದ ವಿಮಾನವನ್ನು ಹಾರಾಟಕ್ಕೆ ಬಿಡುವ ಸಹಿ ಹಾಕಲು ನಾಗರಿಕ ವಿಮಾನಯಾನದ ನಿಯಂತ್ರಣ ಸಂಸ್ಥೆಯಾದ ಡಿಜಿಸಿಎ ನೀಡುವ ಎಎಂಇ (ವಿಮಾನ ನಿರ್ವಹಣಾ ಎಂಜಿನಿಯರ್) ಲೈಸೆನ್ಸ್ ಬೇಕು. ಎಂಜಿನ್ ಕೆಲಸದವರಿಗೆ ಬಿ1 ವರ್ಗದ ಲೈಸೆನ್ಸ್, ಏವಿಯಾನಿಕ್ಸ್‌ನವರಿಗೆ (ವಿಮಾನದ ಎಲೆಕ್ಟ್ರಾನಿಕ್ಸ್ ಕೆಲಸದವರಿಗೆ) ಬಿ2. ಈ ಲೈಸೆನ್ಸ್‌ಗಳಿಗೆ ಸಂಬಂಧಿಸಿದ ಸಿಎಆರ್-66 ನಿಯಮವು ಸೇನಾ ಅನುಭವವನ್ನು ಪರಿಗಣಿಸುತ್ತದೆಯಾದರೂ, ವಿಷಯವಾರು ನಡೆಯುವ ಮಾಡ್ಯೂಲ್ ಪರೀಕ್ಷೆಗಳ ಜೊತೆಗೆ ನಾಗರಿಕ ವಿಮಾನಗಳ ಮೇಲೆ ಮಾಡಿದ ಕೆಲಸವನ್ನೂ ಕೇಳುತ್ತದೆ. ಸೇವೆಯಲ್ಲಿರುವಾಗಲೇ ಓದಲು ಆರಂಭಿಸಿ. ಮುಂದೂಡುತ್ತಾ ಹೋಗಿ ನಾನು 2 ವರ್ಷ ಕಳೆದುಕೊಂಡೆ, ಆ ನೋವು ಇನ್ನೂ ಇದೆ.

ಉತ್ತರ 2: ಊರಿನ ಹತ್ತಿರವೇ ಇರಬೇಕೆಂದರೆ ಬೆಳಗಾವಿ ಜಿಲ್ಲೆಯ ಹತ್ತರಗಿಯಲ್ಲಿರುವ ವಿಶೇಷ ಆರ್ಥಿಕ ವಲಯವನ್ನು ನೋಡಿ. ಅಲ್ಲಿ ವಿಮಾನದ ಬಿಡಿಭಾಗಗಳು ತಯಾರಾಗುತ್ತವೆ, ಗುಣಮಟ್ಟ ಪರಿಶೀಲನೆಯ ಕೆಲಸಕ್ಕೆ ಎಎಂಇ ಲೈಸೆನ್ಸ್ ಬೇಕಿಲ್ಲ. ಅಂಥದೇ ಒಂದು ಕಾರ್ಖಾನೆಯ ಸಂದರ್ಶನದಲ್ಲಿ ನನ್ನ ಕೈಗೆ ಮೈಕ್ರೋಮೀಟರ್ ಮತ್ತು ಅಲ್ಯೂಮಿನಿಯಂ ಬ್ರ್ಯಾಕೆಟ್ ಒಂದನ್ನು ಕೊಟ್ಟು, ಡ್ರಾಯಿಂಗ್ ಓದಿ ಅಳತೆ ಎಲ್ಲಿ ತಪ್ಪಿದೆ ತೋರಿಸಿ ಎಂದರು. ರ‍್ಯಾಂಕ್ ಯಾರೂ ಕೇಳಲಿಲ್ಲ.

ಉತ್ತರ 3: 15 ವರ್ಷ ಸೇವೆ ಮುಗಿಸಿದವರಿಗೆ ದೊರೆಯುವ ಪದವಿ ಸಮಾನ ಪ್ರಮಾಣಪತ್ರವನ್ನು ಮರೆಯದೆ ಪಡೆಯಿರಿ. ನಿವೃತ್ತರಾದ ಕೂಡಲೇ ಬೆಳಗಾವಿಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ಹೆಸರು ನೋಂದಾಯಿಸಿ.