ಹೋರಾಟದ ವಕೀಲರು ಮಂತ್ರಿಯಾದರೆ ಸನ್ನದು (ವಕೀಲಿಕೆಯ ಪರವಾನಗಿ), ಅಡಿಕೆ ಮಂಡಿ ಏನಾಗುತ್ತೆ?

ತೀರ್ಥಹಳ್ಳಿ_ಓದುಗ: ವಕೀಲಿಕೆಯಿಂದ ವಿಧಾನಸಭೆಗೆ ಹೋಗೋದು ನಮ್ಮ ಜಿಲ್ಲೆಗೆ ಹೊಸತಲ್ಲ, ಬಂಗಾರಪ್ಪ, ಕಾಗೋಡು ತಿಮ್ಮಪ್ಪ ಇಬ್ಬರೂ ಕಾನೂನು ಓದಿದವರೇ. ಬಗರ್‌ಹುಕುಂ (ಸರ್ಕಾರಿ ಜಮೀನನ್ನು ಮಂಜೂರಾತಿ ಇಲ್ಲದೆ ಉಳುತ್ತಿರುವ) ರೈತರ ಕೇಸು ನಡೆಸುವ ವಕೀಲರೊಬ್ಬರಿಗೆ ಅಡಿಕೆ ಮಂಡಿಯಲ್ಲಿ ಪಾಲೂ ಇದೆ ಅಂತಿಟ್ಟುಕೊಳ್ಳಿ. ಗೆದ್ದು ಮಂತ್ರಿಯಾದರೆ ಯಾವುದನ್ನು ಬಿಡಬೇಕು?

ಕರಿಕೋಟು: ಮಂಡಿ ವಿಷಯ ಗೆಲ್ಲೋಕೆ ಮೊದಲೇ ಶುರು ಮಾರಾಯ್ರೆ. ಬಾರ್ ಕೌನ್ಸಿಲ್ ನಿಯಮ 47ರಂತೆ ವಕೀಲರು ಖುದ್ದು ವ್ಯಾಪಾರ ಮಾಡುವಂತಿಲ್ಲ, ಸ್ಲೀಪಿಂಗ್ ಪಾರ್ಟ್‌ನರ್ (ಪಾಲು ಮಾತ್ರ ಇದ್ದು ವ್ಯವಹಾರ ನಡೆಸದವರು) ಆಗಿರಬಹುದು. ಹಿರಿಯರಿಂದ ಬಂದ ಮಂಡಿಯಾದರೂ ಗಲ್ಲಾದಲ್ಲಿ ಕೂರುವಂತಿಲ್ಲ (ನಿಯಮ 50). ಬರೀ ಶಾಸಕರಾದರೆ ವಕೀಲಿಕೆ ಮುಂದುವರಿಸಬಹುದು, 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮಂತ್ರಿಯಾದವರು ಕೋಟು ಕಳಚುವುದೇ ಸರಿ: ರಾಜ್ಯ ಬಾರ್ ಕೌನ್ಸಿಲಿಗೆ ವಕೀಲಿಕೆ ನಿಲ್ಲಿಸುತ್ತೇನೆಂದು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಪತ್ರ, ಜೊತೆಗೆ ಮೂಲ ಸನ್ನದು. ಅದಕ್ಕೂ ಮೊದಲು ಪ್ರತಿ ಕೇಸಿಗೂ ಎನ್‌ಒಸಿ (ತಮ್ಮ ಅಭ್ಯಂತರವಿಲ್ಲ ಎಂಬ ಪತ್ರ) ಕೊಟ್ಟು ಬೇರೆ ವಕೀಲರ ವಕಾಲತ್ತು ಹಾಕಿಸಬೇಕು. ಇಲ್ಲಿ ಉದಾಸೀನ ಮಾಡಿದರೆ ವಾಯಿದೆ ದಿನ ಯಾರೂ ಇಲ್ಲದೆ ರೈತನ ದಾವೆ ವಜಾ ಆಗುತ್ತೆ.

ಸರ್ವೆ_ನಂಬರ್: ನನ್ನ ಪ್ರಕಾರ ನಿಜವಾದ ತೊಡಕು ಮಂಡಿಯಲ್ಲ, ಆ ಜಮೀನು ಸಕ್ರಮದ ಅರ್ಜಿ ನೋಡುವ ಬಗರ್‌ಹುಕುಂ ಸಮಿತಿ. ಅದಕ್ಕೆ ಅಧ್ಯಕ್ಷರು ಸಾಮಾನ್ಯವಾಗಿ ಕ್ಷೇತ್ರದ ಶಾಸಕರೇ, ಕಾರ್ಯದರ್ಶಿ ತಹಸೀಲ್ದಾರ್. ನಿನ್ನೆ ಯಾರ ಪರ ವಾದಿಸಿದರೋ ಅವರದೇ ಫಾರಂ 57 (ಸಕ್ರಮದ ಅರ್ಜಿ) ಇವತ್ತು ಇವರ ಮೇಜಿಗೆ! ಹಳೇ ಕಕ್ಷಿದಾರರ ಸರ್ವೆ ನಂಬರುಗಳ ಪಟ್ಟಿ ಸಭೆಗೆ ಮೊದಲೇ ತಹಸೀಲ್ದಾರರಿಗೆ ಕೊಟ್ಟು, ಆ ಕಡತ ಬಂದಾಗ ಎದ್ದು ಹೋಗಿ, ಹಾಗೆಂದು ನಡಾವಳಿಯಲ್ಲಿ ಬರೆಸಬೇಕು. ಇಲ್ಲದಿದ್ದರೆ ಪಕ್ಷಪಾತದ ತಕರಾರು ಬಂದು, ಸಿಕ್ಕ ಮಂಜೂರಾತಿಯೂ ಬೀಳಬಹುದು. ನಷ್ಟ ರೈತನಿಗೆ.

ಹೋರಾಟದ ವಕೀಲರ ಮೇಲೇ ರಸ್ತೆ ತಡೆ, ಧರಣಿ ಕೇಸು ಬಾಕಿ ಇದ್ದರೆ ನಾಮಪತ್ರದ ಫಾರಂ 26ರಲ್ಲಿ (ಪ್ರಮಾಣಪತ್ರ) ಬರೆಯಲೇಬೇಕು. ಎರಡು ವರ್ಷ ಅಥವಾ ಹೆಚ್ಚು ಶಿಕ್ಷೆಯಾದರೆ ಸ್ಥಾನ ಹೋಯ್ತು. ಮೇಲ್ಮನವಿ ಹಾಕಿದೆ ಅಂದರೆ ಸಾಲದು, 2013ರಿಂದ ಆ ರಕ್ಷಣೆ ಇಲ್ಲ.

ಮಂಡಿ_ಲೆಕ್ಕ: ಪಾಲು ಮಾರಬೇಕಿಲ್ಲ, ಆಡಳಿತ ಬಿಡಬೇಕು. ಮಂತ್ರಿಗಳ ನೀತಿಸಂಹಿತೆ ಹೇಳೋದು ಅಷ್ಟೇ. ಆದರೆ ಸರ್ಕಾರಕ್ಕೆ ಸರಕು ಪೂರೈಸುವ ವ್ಯವಹಾರವಿದ್ದರೆ ಪೂರ್ತಿ ಕೈಬಿಡಬೇಕು. ರಾಜ್ಯ ಸರ್ಕಾರದ ಕಾಮಗಾರಿ ಗುತ್ತಿಗೆ ಚಾಲ್ತಿಯಲ್ಲಿದ್ದರಂತೂ ಶಾಸಕ ಸ್ಥಾನಕ್ಕೇ ಕುತ್ತು (ಜನಪ್ರತಿನಿಧಿ ಕಾಯ್ದೆ 9ಎ). ಪಾಲುದಾರಿಕೆಯಿಂದಲೇ ಹೊರಬರುವುದಾದರೆ ಹೊಸ ಡೀಡ್ (ಪಾಲುದಾರಿಕೆ ಪತ್ರ), ಬ್ಯಾಂಕ್ ಸಹಿ, ಜಿಎಸ್‌ಟಿ, ಎಪಿಎಂಸಿ ಲೈಸೆನ್ಸ್ ಎಲ್ಲ ಬದಲಾಗಬೇಕು. ಸಾರ್ವಜನಿಕ ಪ್ರಕಟಣೆ ಮರೆತರೆ ಮಂಡಿಯ ಮುಂದಿನ ಸಾಲಕ್ಕೂ ಹೊಣೆ.

ತೀರ್ಥಹಳ್ಳಿ_ಓದುಗ: ಮಂಡಿ ಆಡಳಿತ ಹೆಂಡತಿಗೆ ವಹಿಸಿದರೆ?

ಮಂಡಿ_ಲೆಕ್ಕ: ಎಲ್ಲರೂ ಮಾಡೋ ತಪ್ಪೇ ಅದು. ತಮ್ಮನೋ ಬೆಳೆದ ಮಗನೋ ಆಗಬಹುದು, ಸಂಗಾತಿ ಆಗೋಲ್ಲ. ಪಾಲು ಉಳಿದಿದ್ದರೆ ಪ್ರತಿ ಜೂನ್ 30ರೊಳಗೆ ಲೋಕಾಯುಕ್ತಕ್ಕೆ ಕೊಡುವ ಆಸ್ತಿ ವಿವರದಲ್ಲಿ ಅದೂ ಸೇರಬೇಕು, ಮನೆಯವರದ್ದೂ.