ಆ ಪಟ್ಟಿಯಲ್ಲಿ ಪುಟ್ಟಿ ಇಲ್ಲ

(ಪುಟ್ಟಿಯ ಹೃದಯದಲ್ಲಿ ಕೃತಕ ಕವಾಟವಿದೆ. ಅಲ್ಲಿ ರಕ್ತ ಹೆಪ್ಪುಗಟ್ಟದಂತೆ ಅವಳಿಗೆ ವಾರ್ಫರಿನ್ ಮಾತ್ರೆ ಕೊಡುತ್ತೇವೆ. ಮನೆಯವರ ಗುಂಪಿನಲ್ಲಿ ದೊಡ್ಡಪ್ಪ ಒಂದು ಚಿತ್ರ ಹಂಚಿಕೊಂಡಿದ್ದಾರೆ: ‘ಮಕ್ಕಳ ತೂಕಕ್ಕೆ ತಕ್ಕ ವಾರ್ಫರಿನ್ ಪ್ರಮಾಣ’)

ದೊಡ್ಡಪ್ಪ: ಅನು, ಇದನ್ನು ನೋಡಮ್ಮ. ವರ್ಷದೊಳಗಿನ ಮಗುವಿಗೆ ಕಿಲೋಗೆ 0.33 ಮಿಲಿಗ್ರಾಂ, ಹದಿಹರೆಯದವರಿಗೆ 0.09. ನಡುವಿನದನ್ನು ಲೆಕ್ಕ ಹಾಕಿದರಾಯಿತು. ರಕ್ತ ಪರೀಕ್ಷೆಗೆಂದು ಪದೇ ಪದೇ ಪುಟ್ಟಿಯ ಬೆರಳು ಚುಚ್ಚಿಸುವುದೇಕೆ?

ನಾನು: ದೊಡ್ಡಪ್ಪ, ಅಂಕಿ ಸುಳ್ಳಲ್ಲ, ಆದರೆ ಅದು ಸರಾಸರಿ. ಕಿಲೋ ಲೆಕ್ಕದಲ್ಲಿ ಕೂಸಿಗೆ ದೊಡ್ಡ ಮಕ್ಕಳ ಮೂರು ಪಟ್ಟಿಗೂ ಹೆಚ್ಚು ಔಷಧ ಬೇಕು ಎಂದು ಅದೇ ಪಟ್ಟಿ ಹೇಳುತ್ತಿದೆಯಲ್ಲ. ತೂಕವೊಂದೇ ಸಾಕಾಗಿದ್ದರೆ ಹಾಗಿರುತ್ತಿತ್ತೇ?

ವಿನಯ: ಅಕ್ಕ, ಒಮ್ಮೆ ಜೀನ್ ಪರೀಕ್ಷೆ ಮಾಡಿಸಿಬಿಟ್ಟರೆ ಮುಗಿಯಿತಲ್ಲವೇ?

ನಾನು: ಸಿವೈಪಿ2ಸಿ9 ಎಂಬ ಜೀನ್ ಯಕೃತ್ತಿನಲ್ಲಿ ಔಷಧ ಒಡೆದುಹೋಗುವ ವೇಗವನ್ನು ಹೇಳುತ್ತದೆ, ವಿಕೆಒಆರ್‌ಸಿ1 ಎಂಬ ಜೀನ್ ಔಷಧ ಎಷ್ಟು ನಾಟುತ್ತದೆ ಎಂಬುದನ್ನು. ಎರಡೂ ಮುಖ್ಯವೇ. ಆದರೆ ಪುಟ್ಟಿಗೆ ಈ ವಾರ ಜ್ವರ ಬಂದು ಊಟ ಬಿಟ್ಟಿದ್ದಾಳೆ ಎಂಬುದು ಯಾವ ಜೀನ್‌ಗೂ ಗೊತ್ತಾಗುವುದಿಲ್ಲ ವಿನಯ. ಮಕ್ಕಳಲ್ಲಿ ವಯಸ್ಸು, ಬೆಳವಣಿಗೆ ಎರಡೂ ಲೆಕ್ಕವನ್ನು ಬದಲಿಸುತ್ತಲೇ ಇರುತ್ತವೆ.

ಅತ್ತೆ: ಚಿಕ್ಕವಳಿದ್ದಾಗ ಹಾಲಿನಿಂದಲೂ ಏನೋ ತೊಂದರೆ ಆಗಿತ್ತಲ್ಲ?

ನಾನು: ಹೌದು ಅತ್ತೆ. ಎದೆಹಾಲಿನಲ್ಲಿ ವಿಟಮಿನ್ ಕೆ ಬಹಳ ಕಡಿಮೆ. ಡಬ್ಬಿಯ ಪುಡಿಹಾಲಿಗೆ ಅದನ್ನು ಸೇರಿಸಿರುತ್ತಾರೆ, ಅದು ವಾರ್ಫರಿನ್‌ಗೆ ಎದುರು ನಿಲ್ಲುತ್ತದೆ. ಹಾಲು ಬದಲಿಸಿದ ಹತ್ತೇ ದಿನಕ್ಕೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಎಂಬುದರ ಅಳತೆ; ಇಳಿದರೆ ಬೇಗ ಹೆಪ್ಪುಗಟ್ಟುತ್ತದೆ, ಏರಿದರೆ ರಕ್ತಸ್ರಾವದ ಭಯ) 2.8ರಿಂದ 1.6ಕ್ಕೆ ಇಳಿಯಿತು. ಔಷಧ ಅಷ್ಟೇ, ಮಗುವೂ ಅದೇ. ಕೃತಕ ಕವಾಟದಲ್ಲಿ ಹೆಪ್ಪುಗಟ್ಟಿದರೆ ಏನು ಗತಿ ಎಂದು ಆ ರಾತ್ರಿಯೆಲ್ಲ ಅವಳ ಎದೆಯ ಮೇಲೆ ಕೈಯಿಟ್ಟು ಕುಳಿತಿದ್ದೆ.

ದೊಡ್ಡಪ್ಪ: ಅದೆಲ್ಲ ಕೂಸಾಗಿದ್ದಾಗಿನ ಮಾತು. ಈಗ ನಾಲ್ಕು ವರ್ಷ. ಸೂಜಿ ಕಂಡರೆ ಅಳುವ ಮಗುವನ್ನು ನನ್ನಿಂದ ನೋಡಲಾಗುವುದಿಲ್ಲ.

ನಾನು: ನನ್ನಿಂದಲೂ ಆಗುವುದಿಲ್ಲ ದೊಡ್ಡಪ್ಪ. ಆದರೆ ಹೋದ ತಿಂಗಳು ಸೋಂಕಿಗೆ ಕೊಡುವ ಕೋಟ್ರೈಮಾಕ್ಸಜೋಲ್ ಶುರು ಮಾಡಿದಾಗ ಐಎನ್‌ಆರ್ 5.1ಕ್ಕೆ ಏರಿತ್ತು. ಅವಳಿಗೆ ಇರಬೇಕಾದದ್ದು 2.5ರಿಂದ 3.5. ಒಸಡಿನಲ್ಲಿ ರಕ್ತ ಕೂಡ ಕಾಣಿಸಿರಲಿಲ್ಲ. ಬೆರಳು ಚುಚ್ಚಿದ್ದರಿಂದಲೇ ಗೊತ್ತಾಯಿತು. ಫಿಟ್ಸ್‌ಗೆ ಕೊಡುವ ಫಿನೋಬಾರ್ಬಿಟಾಲ್ ಆಗಿದ್ದರೆ ದಿನ ಕಳೆದಂತೆ ಇಳಿಯುತ್ತಿತ್ತು.

ವಿನಯ: ಪರೀಕ್ಷೆಯೇ ಬೇಡದ ಹೊಸ ಮಾತ್ರೆಗಳು ಬಂದಿವೆಯಂತೆ, ರಿವರಾಕ್ಸಬಾನ್.

ನಾನು: 2021ರಲ್ಲಿ ಅಮೆರಿಕದಲ್ಲಿ ಮಕ್ಕಳಿಗೂ ಒಪ್ಪಿಗೆ ಸಿಕ್ಕಿತು, ನಿಜ. ಪುಟ್ಟಿಯಂತೆ ಲೋಹದ ಕವಾಟ ಇರುವವರಿಗೆ ಮಾತ್ರ ಅದನ್ನು ಕೊಡುವುದಿಲ್ಲ.

ಅತ್ತೆ: ಹಾಗಾದರೆ ವಿಟಮಿನ್ ಕೆ ಇರುವ ಸೊಪ್ಪು ಕೊಡಲೇಬಾರದೇ?

ನಾನು: ಕೊಡಬಹುದು ಅತ್ತೆ. ಒಂದು ವಾರ ರಾಶಿ, ಇನ್ನೊಂದು ವಾರ ಏನೂ ಇಲ್ಲ ಎಂದಾಗಬಾರದು, ಅಷ್ಟೇ. ದೊಡ್ಡಪ್ಪ, ಆ ಚಿತ್ರವನ್ನು ಬೇರೆ ಗುಂಪುಗಳಿಗೂ ಕಳುಹಿಸಿದ್ದೀರಾ?

ದೊಡ್ಡಪ್ಪ: ಎರಡು ಗುಂಪುಗಳಿಗೆ.

ನಾನು: ದಯವಿಟ್ಟು ಈಗಲೇ ತೆಗೆದುಬಿಡಿ. ಅದನ್ನು ನಂಬಿ ಯಾರಾದರೂ ತಮ್ಮ ಮಗುವಿನ ಮಾತ್ರೆಯನ್ನು ತಾವೇ ಮುರಿದು ಕೊಟ್ಟಾರು.

ದೊಡ್ಡಪ್ಪ: ಒಂದರಲ್ಲಿ ಅಳಿಸಿದೆ. ಇನ್ನೊಂದರಲ್ಲಿ ಸಮಯ ಮೀರಿದೆಯಂತೆ, ಅಳಿಸಲು ಬಿಡುತ್ತಿಲ್ಲ. ಏನೆಂದು ಬರೆಯಲಿ, ಹೇಳಮ್ಮ.

ನಾನು: ‘ಇದನ್ನು ನೋಡಿ ಔಷಧದ ಪ್ರಮಾಣ ಬದಲಿಸಬೇಡಿ, ಮಗುವಿನ ವೈದ್ಯರನ್ನೇ ಕೇಳಿ’ ಎಂದು ಬರೆಯಿರಿ. ಚಿತ್ರದ ಕೆಳಗೇ ಬರೆಯಿರಿ.