ಮೆಕನ್ನಾಸ್ ಗೋಲ್ಡ್ ಡೈರೆಕ್ಟರ್ ಮಾಡಿದ ‘ಐಸ್ ಕೋಲ್ಡ್ ಇನ್ ಅಲೆಕ್ಸ್’ ಯಾರಾದ್ರೂ ನೋಡಿದ್ದೀರಾ?

ಪ್ರಶ್ನೆ:
1958ರ ಬ್ರಿಟಿಷ್ ಸಿನಿಮಾ, ನಿರ್ದೇಶಕ ಜೆ. ಲೀ ಥಾಮ್ಸನ್. ಇವರದೇ ಗನ್ಸ್ ಆಫ್ ನವರೋನ್, ಮೆಕನ್ನಾಸ್ ಗೋಲ್ಡ್ ಎರಡನ್ನೂ ನಮ್ಮವರು ಮುಗಿಬಿದ್ದು ನೋಡಿದ್ರು, ಇದರ ಹೆಸರೆತ್ತುವವರೇ ಇಲ್ಲ. 1942, ಲಿಬಿಯಾ. ಜರ್ಮನ್ನರು ಟೊಬ್ರೂಕ್‌ಗೆ ಮುತ್ತಿಗೆ ಹಾಕುತ್ತಿದ್ದಾರೆ. ಕುಡಿತಕ್ಕೆ ಬಿದ್ದ ಕ್ಯಾಪ್ಟನ್, ಅವನ ಸಾರ್ಜೆಂಟ್ ಮೇಜರ್, ಇಬ್ಬರು ನರ್ಸ್‌ಗಳು, ದಾರಿಯಲ್ಲಿ ಹತ್ತಿಕೊಂಡ ಒಬ್ಬ ಧಡೂತಿ ಆಸಾಮಿ, ಇಷ್ಟು ಜನ ಒಂದು ಆಂಬುಲೆನ್ಸ್‌ನಲ್ಲಿ ಮರುಭೂಮಿ ದಾಟಿ ಈಜಿಪ್ಟಿನ ಅಲೆಕ್ಸಾಂಡ್ರಿಯಾ (ಹೆಸರಿನಲ್ಲಿರುವ ‘ಅಲೆಕ್ಸ್’ ಇದೇ) ಸೇರಬೇಕು. ಕಥೆ ಇಷ್ಟೇ. ನನಗಂತೂ ತುಂಬಾ ಇಷ್ಟವಾಯ್ತು. ಇದು ಯಾಕೆ ಹೀಗೆ ಮೂಲೆ ಸೇರಿತು?

ಉತ್ತರ 1:
ಮರಳುದಿಬ್ಬ ಹತ್ತುವ ಸೀನ್ ಒಂದೇ ಸಾಕು! ಇಂಜಿನ್ ಶಕ್ತಿಗೆ ಆ ಏರು ಬಗ್ಗಲ್ಲ. ಅದಕ್ಕೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ರಿವರ್ಸ್ ಗೇರಿಗೆ ಹಾಕಿ, ಮುಂದಿರುವ ಹ್ಯಾಂಡಲ್ ಕೈಯಲ್ಲೇ ತಿರುಗಿಸುತ್ತಾ ಗಾಡಿಯನ್ನು ಹಿಂದುಮುಂದಾಗಿ ಇಂಚಿಂಚೇ ಮೇಲೇರಿಸುತ್ತಾರೆ. ಪ್ಲಗ್ ಇಲ್ಲದಿದ್ರೆ ಸಿಲಿಂಡರಿನಲ್ಲಿ ಗಾಳಿಯ ಒತ್ತಡ ಇರಲ್ಲ, ಹಾಗಾಗಿ ಕೈಬಲಕ್ಕೆ ತಿರುಗುತ್ತೆ. ಇನ್ನೇನು ತುದಿ ಮುಟ್ಟಿತು ಅನ್ನುವಾಗ ಕೈತಪ್ಪಿ ಸೀದಾ ಕೆಳಗೆ. ಮತ್ತೆ ಮೊದಲಿಂದ ಶುರು. ಒಂದು ಗುಂಡೂ ಹಾರಲ್ಲ, ಆದ್ರೂ ಉಸಿರು ಬಿಗಿಹಿಡಿದೇ ನೋಡಬೇಕು.

ಉತ್ತರ 2:
ಮೂಲೆ ಸೇರಿದ್ದಕ್ಕೆ ಒಂದು ಕಾರಣ ಅಮೆರಿಕದವರ ಕತ್ತರಿ. ‘ಡೆಸರ್ಟ್ ಅಟ್ಯಾಕ್’ ಅಂತ ಹೆಸರು ಬದಲಿಸಿ ಸುಮಾರು 50 ನಿಮಿಷ ಕತ್ತರಿಸಿ ಬಿಟ್ಟರು. ಇದರಲ್ಲಿ ನಿಧಾನವೇ ಜೀವಾಳ. ಬಾಯಾರಿಕೆ, ಬಿಸಿಲು, ಒಬ್ಬರ ಮೇಲೊಬ್ಬರಿಗೆ ಅನುಮಾನ, ಇದೆಲ್ಲ ಕೂತು ನೋಡಿದ್ರೆ ಮಾತ್ರ ಒಳಗಿಳಿಯೋದು. ಮೂರೇ ವರ್ಷಕ್ಕೆ ನವರೋನ್ ಬಂತು, ಬಣ್ಣದಲ್ಲಿ, ದೊಡ್ಡ ದೊಡ್ಡ ಸ್ಟಾರ್‌ಗಳ ಜೊತೆ. ಈ ಕಪ್ಪು-ಬಿಳುಪಿನದು ಅದರ ನೆರಳಲ್ಲಿ ಉಳಿದುಬಿಟ್ಟಿತು.

ಉತ್ತರ 3:
(ನೋಡದವರು ಇದನ್ನು ಓದಬೇಡಿ.) ನನ್ನ ಮೆಚ್ಚಿನದು ಆ ಧಡೂತಿ ಆಸಾಮಿ, ಆಂಟನಿ ಕ್ವೇಲ್ ಮಾಡಿರೋದು. ದಕ್ಷಿಣ ಆಫ್ರಿಕಾದವನು ಅಂತಾನೆ, ಆದ್ರೆ ಜರ್ಮನ್ ಗೂಢಚಾರ. ಈಜಿಪ್ಟಿನ ಮರುಭೂಮಿಯ ಕತಾರಾ ತಗ್ಗುಪ್ರದೇಶದ ಉಸುಬಿನಲ್ಲಿ ಅವನು ಹೂತುಹೋಗುವಾಗ ಉಳಿದವರಿಗೆ ಅವನ ಗುಟ್ಟು ಗೊತ್ತಾಗಿರುತ್ತೆ. ಬಿಟ್ಟುಬಿಡಬಹುದಿತ್ತು ಅಲ್ವಾ? ಎಳೆದು ಉಳಿಸ್ತಾರೆ, ಕೊನೆಗೆ ಗೂಢಚಾರ ಅಂತ ಗುಂಡಿಗೆ ಬಲಿಯಾಗದೆ ಯುದ್ಧಕೈದಿಯಾಗಿ ಶರಣಾಗುವ ಹಾಗೆ ನೋಡಿಕೊಳ್ತಾರೆ. ಯುದ್ಧ ಮುಗಿದು 13 ವರ್ಷಕ್ಕೇ ಬ್ರಿಟಿಷರು ಒಬ್ಬ ಜರ್ಮನ್ನನನ್ನು ಹೀಗೆ ಮನುಷ್ಯನಾಗಿ ತೋರಿಸಿದ್ದು ಸಣ್ಣ ಮಾತಲ್ಲ.

ಉತ್ತರ 4:
ಟೊಬ್ರೂಕ್ ಜೂನ್ 21ರಂದು ಶರಣಾಯ್ತು. ಸೆರೆಸಿಕ್ಕವರಲ್ಲಿ ಬ್ರಿಟಿಷರ ಪರ ಕಾದಾಡುತ್ತಿದ್ದ ನಮ್ಮ 11ನೇ ಭಾರತೀಯ ಬ್ರಿಗೇಡ್ ಕೂಡ ಇತ್ತು. ಅದು ತಲೆಯಲ್ಲಿದ್ರೆ ಶುರುವಿನ ಆ ಗಡಿಬಿಡಿ ಬೇರೆ ಥರ ತಟ್ಟುತ್ತೆ.

ಪ್ರಶ್ನೆ ಕೇಳಿದವರು:
ಬ್ರಿಗೇಡ್ ವಿಷಯ ಗೊತ್ತೇ ಇರಲಿಲ್ಲ, ಥ್ಯಾಂಕ್ಸ್. ಹೊಸದಾಗಿ ನೋಡುವವರು ಎರಡು ಗಂಟೆ ಮೀರಿದ ಪೂರ್ತಿ ಪ್ರತಿಯನ್ನೇ ಹುಡುಕಿ ನೋಡಿ.